ನಮ್ಮ ಕಾಯಿಲೆಯ ವಿಷಯವನ್ನು ಆಸ್ಪತ್ರೆಯವರು ಯಾರಿಗೆಲ್ಲ ಹೇಳಬಹುದು?

ಗೋಣಿಕೊಪ್ಪದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿಸಿದ್ದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ರಿಪೋರ್ಟ್ ತರಲು ಅಪ್ಪನೇ ಚೀಟಿ ಬರೆದುಕೊಟ್ಟು ನನ್ನನ್ನು ಕಳುಹಿಸಿದ್ದರು. ನಾನು ಮನೆಗೆ ಬರುವುದರೊಳಗೆ ಸಂತೆಯಲ್ಲಿ ಸಿಕ್ಕ ಪರಿಚಯದವರು ಅಪ್ಪನಿಗೆ, "ಕ್ಯಾನ್ಸರಂತೆ, ಧೈರ್ಯವಾಗಿರಿ" ಎಂದು ಹೇಳಿಬಿಟ್ಟಿದ್ದರು. ಅಪ್ಪನಿಗೆ ವಿಷಯ ಗೊತ್ತಾದದ್ದೇ ಹಾಗೆ.

ವಿಚಾರಿಸಿದಾಗ ತಿಳಿಯಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬರು ರಿಪೋರ್ಟಿನ ಫೋಟೊ ತೆಗೆದು "ಇವರಿಗಾಗಿ ಪ್ರಾರ್ಥಿಸಿ" ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಾರೆ. ಅಪ್ಪನ ಹೆಸರು, ವಯಸ್ಸು, ಮೊಬೈಲ್ ನಂಬರ್ ಎಲ್ಲ ಅದರಲ್ಲಿ ಇದೆ. ಆಸ್ಪತ್ರೆಗೆ ಹೋಗಿ ಕೇಳಿದರೆ, "ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ದೊಡ್ಡದು ಮಾಡಬೇಡಿ" ಎಂದರು. ನೆಂಟರೂ ಸುಮ್ನೆ ಬಿಡು ಅನ್ನುತ್ತಿದ್ದಾರೆ.

ನನಗೆ ಬಿಡಲು ಮನಸ್ಸಿಲ್ಲ. ಇದಕ್ಕೆ ನಿಯಮ ಅಂತ ಒಂದು ಇರಬೇಕಲ್ವಾ? ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು? ದೂರು ಎಲ್ಲಿ ಕೊಡಬೇಕು?

ನಿವೃತ್ತ ಸಿಸ್ಟರ್, ಮಡಿಕೇರಿ

ಮಗಳೇ, ಓದಿ ಬಹಳ ಬೇಜಾರಾಯಿತು. ನಿನ್ನ ಅಪ್ಪನಿಗೆ ಆ ಮಾತನ್ನು ಡಾಕ್ಟರ್ ಕೂರಿಸಿಕೊಂಡು ಹೇಳಬೇಕಿತ್ತು. ಯಾವ ಹಂತ, ಏನು ಚಿಕಿತ್ಸೆ, ಎಷ್ಟು ಭರವಸೆ ಎಂಬುದೆಲ್ಲ ಆ ಮಾತಿನ ಜೊತೆಗೇ ಬರಬೇಕು. ಸಂತೆಯಲ್ಲಿ ಬರೀ ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದರೆ ಮನುಷ್ಯ ಏನಾಗಬೇಡ?

ನಾನು ವಾರ್ಡಿನಲ್ಲಿ ಕೆಲಸ ಮಾಡಿ ಬಂದವಳು. ನಮಗೆ ಕಲಿಸಿದ್ದು ಇಷ್ಟೇ: ಚಿಕಿತ್ಸೆಗೆ ಯಾರಿಗೆ ಗೊತ್ತಿರಬೇಕೋ ಅವರಿಗೆ ಮಾತ್ರ ಗೊತ್ತಿರಬೇಕು. ನೋಡುವ ಡಾಕ್ಟರ್, ಡ್ಯೂಟಿ ನರ್ಸ್, ಲ್ಯಾಬಿನವರು, ಔಷಧಿ ಕೊಡುವವರು, ಮುಂದೆ ಕಳುಹಿಸುವ ಆಸ್ಪತ್ರೆಯವರು. ಇವರಿಗೆಲ್ಲ ಹೇಳಲು ಪ್ರತಿ ಸಲ ರೋಗಿಯ ಸಹಿ ಕೇಳುತ್ತಾ ಕೂರಲು ಆಗುವುದಿಲ್ಲ. ಅದೇ ಆಸ್ಪತ್ರೆಯಲ್ಲಿ ಸಂಬಳ ತೆಗೆದುಕೊಳ್ಳುವ ಬೇರೆ ವಿಭಾಗದವರಿಗೆ ಆ ಫೈಲ್ ಮುಟ್ಟುವ ಕೆಲಸವೇ ಇಲ್ಲ.

ಒಂದು ವಿಷಯ ಮಾತ್ರ ಎಲ್ಲರಿಗೂ ಹೇಳಬೇಕು. ಸಿಟ್ಟಿನಲ್ಲಿ ವಾಟ್ಸಾಪೇ ಬೇಡ ಅನ್ನಬೇಡಿ. ನಮ್ಮಲ್ಲಿ ಸೀರಿಯಸ್ ಕೇಸ್ ಆದರೆ ಮೈಸೂರು ಅಥವಾ ಮಂಗಳೂರಿಗೆ ಓಡಬೇಕು. ಆಂಬುಲೆನ್ಸ್ ಸಂಪಾಜೆ ಘಾಟಿ ಇಳಿಯುತ್ತಿರುವಾಗಲೇ ಇಸಿಜಿ, ಸಿಟಿ ಫೋಟೊ ಅಲ್ಲಿನ ಡಾಕ್ಟರ ಮೊಬೈಲಿಗೆ ತಲುಪಿರುತ್ತದೆ. ಅದರಿಂದ ಉಳಿದ ಜೀವಗಳನ್ನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಡಾಕ್ಟರ್ ಇನ್ನೊಬ್ಬ ಡಾಕ್ಟರಿಗೆ ಕಳುಹಿಸುವುದು ಬೇರೆ, ಊರಿನ ಗುಂಪಿಗೆ ಹಾಕುವುದು ಬೇರೆ.

ವಕೀಲ, ಮಡಿಕೇರಿ

ನಿಯಮ ಖಂಡಿತ ಇದೆ. ಒಂದೇ ಪುಸ್ತಕದಲ್ಲಿ ಇಲ್ಲ ಅಷ್ಟೇ, ಬೇರೆ ಬೇರೆ ಕಡೆ ಚದುರಿದೆ. ನಿಮಗೆ ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ.

ವೈದ್ಯರ ವೃತ್ತಿ ನಡವಳಿಕೆಗೆ 2002ರ ನಿಯಮಾವಳಿ ಇದೆ. ಅದರ ಪ್ರಕಾರ ಚಿಕಿತ್ಸೆಯ ಸಮಯದಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆ ಹೇಳುವಂತಿಲ್ಲ. ವಿನಾಯಿತಿ ಮೂರೇ. ನ್ಯಾಯಾಧೀಶರ ಆದೇಶ ಇದ್ದಾಗ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ ಇದ್ದಾಗ, ಮತ್ತು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಆದಾಗ. 2023ರಲ್ಲಿ ಹೊಸ ನಿಯಮಾವಳಿ ಬಂತು. ಅದನ್ನು ಅದೇ ತಿಂಗಳು ತಡೆಹಿಡಿದರು. ಹಾಗಾಗಿ ಹಳೆಯದೇ ನಡೆಯುತ್ತಿದೆ.

ನಿಮ್ಮ ವಿಷಯದಲ್ಲಿ ಇನ್ನೂ ಗಟ್ಟಿಯಾದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಅವಕಾಶ ಇಲ್ಲದೆ ಇನ್ನೊಬ್ಬರಿಗೆ ಕೊಡುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ನೀವು ದುಡ್ಡು ಕೊಟ್ಟು ಚಿಕಿತ್ಸೆ ಪಡೆದಿದ್ದೀರಿ. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2 ವರ್ಷದೊಳಗೆ ದೂರು ಕೊಡಬೇಕು. ವಕೀಲರೇ ಬೇಕೆಂದಿಲ್ಲ.

ಇನ್ನೊಂದು ದಾರಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಇರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಜಿಲ್ಲಾಧಿಕಾರಿಯೇ ಅದರ ಮುಖ್ಯಸ್ಥರು. ತಪ್ಪು ಡಾಕ್ಟರದ್ದೇ ಆಗಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಬರೆಯಬಹುದು.

ಮೊದಲು ಮಾಡಬೇಕಾದ ಕೆಲಸ: ಆ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಯಾವ ನಂಬರಿನಿಂದ, ಎಷ್ಟು ಗಂಟೆಗೆ ಬಂತು ಎಂಬುದು ಕಾಣಬೇಕು.

ಲ್ಯಾಬ್ ಕೆಲಸದವ, ಕುಶಾಲನಗರ

ವಕೀಲ ಸರ್ ಹೇಳಿದ್ದು ಸರಿ. ಆದರೆ ಲ್ಯಾಬಿನ ಕಡೆ ಏನು ನಡೆಯುತ್ತದೆ ಎಂಬುದು ಜನರಿಗೆ ಗೊತ್ತಿರಲಿ.

ಸಂಜೆ 5ರ ನಂತರ ಎಲ್ಲರೂ "ರಿಪೋರ್ಟ್ ವಾಟ್ಸಾಪ್ ಮಾಡಿ" ಅನ್ನುತ್ತಾರೆ. ನೋಂದಣಿಯಲ್ಲಿ ಕೊಟ್ಟ ನಂಬರ್ ಬಹಳ ಸಲ ರೋಗಿಯದ್ದಲ್ಲ. ತೋಟದ ರೈಟರದ್ದು ಇರುತ್ತದೆ, ಆಟೋದವರದ್ದು ಇರುತ್ತದೆ, ಪಕ್ಕದ ಮನೆಯ ಹುಡುಗನದ್ದು ಇರುತ್ತದೆ. ನಾವು ಆ ನಂಬರಿಗೆ ಕಳುಹಿಸಿದ ಕ್ಷಣಕ್ಕೇ ಗುಟ್ಟು ಹೋಯಿತು. ಅದಕ್ಕೆ ನಮ್ಮಲ್ಲಿ ಈಗ ಬಿಲ್ ಮಾಡುವಾಗಲೇ ಕೇಳುತ್ತೇವೆ: ಈ ಮೊಬೈಲ್ ಯಾರ ಹತ್ತಿರ ಇರುತ್ತದೆ? ರಿಪೋರ್ಟ್ ಇದಕ್ಕೇ ಕಳುಹಿಸಬಹುದಾ? ಬೇಡ ಎಂದರೆ ಕವರಿಗೆ ಹಾಕಿ ಅಂಟಿಸಿ ಇಡುತ್ತೇವೆ, ಬಿಲ್ ತೋರಿಸಿದವರಿಗೆ ಕೊಡುತ್ತೇವೆ. ಎಚ್‌ಐವಿ ಪರೀಕ್ಷೆಯ ಫಲಿತಾಂಶ ಮಾತ್ರ ಯಾವ ಕಾರಣಕ್ಕೂ ಫೋನಿನಲ್ಲಿ ಹೋಗುವುದಿಲ್ಲ.

ನೀವೂ ಕೌಂಟರಿನಲ್ಲಿ ಈ ಮಾತು ಹೇಳಿ. ಹೇಳಿದರೆ ಯಾವ ಲ್ಯಾಬಿನವರೂ ಇಲ್ಲ ಅನ್ನುವುದಿಲ್ಲ.

ರೈಟರ್, ಸಿದ್ದಾಪುರ

ನಾನು ಎಸ್ಟೇಟಿನಲ್ಲಿ ರೈಟರ್. ನಮ್ಮ ಕಡೆಯ ಕಷ್ಟವನ್ನೂ ಕೇಳಿ. ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆ) ಇರುವವರು ಜ್ವರ ಎಂದು ರಜೆ ಹಾಕಿದರೆ ಮೇಲಿನವರು ನನ್ನನ್ನು ಕೇಳುತ್ತಾರೆ. ನಾನು ಕ್ಲಿನಿಕ್‌ಗೆ ಫೋನ್ ಮಾಡಿದರೆ ಅವರು ಎಲ್ಲವನ್ನೂ ಹೇಳುತ್ತಾರೆ. ಏನು ಕಾಯಿಲೆ, ಎಷ್ಟು ದಿನ, ಗರ್ಭಿಣಿಯಾ ಅಂತ ಸಹ. ಆಸ್ಪತ್ರೆಯ ಬಿಲ್ ಎಸ್ಟೇಟಿನವರೇ ಕಟ್ಟುವಾಗ ಇದು ಕೇಳಬಹುದಾ, ಕೇಳಬಾರದಾ?

ವಕೀಲ, ಮಡಿಕೇರಿ

ಅಣ್ಣ, ಬಿಲ್ ಕಟ್ಟಿದ ಮಾತ್ರಕ್ಕೆ ಕಾಯಿಲೆ ತಿಳಿಯುವ ಹಕ್ಕು ಬರುವುದಿಲ್ಲ. ಎಷ್ಟು ದುಡ್ಡು ಆಯಿತು, ಎಷ್ಟು ದಿನ ವಿಶ್ರಾಂತಿ ಬೇಕು, ಯಾವಾಗಿನಿಂದ ಕೆಲಸಕ್ಕೆ ಬರಬಹುದು. ರಜೆಗೂ ಬಿಲ್ಲಿಗೂ ಇಷ್ಟು ಸಾಕು. ವೈದ್ಯರು ಕೊಡುವ ರಜೆಯ ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ಇರುವುದುಂಟು. ಆದರೆ ಅದು ರೋಗಿಯ ಕೈಗೆ ಹೋಗುವ ಕಾಗದ. ಅದನ್ನು ನಿಮಗೆ ತಂದುಕೊಡುವವರು ಅವರು. ಡಾಕ್ಟರ್ ನಿಮಗೆ ಫೋನಿನಲ್ಲಿ ಓದಿ ಹೇಳುವಂತಿಲ್ಲ.

ಎಚ್‌ಐವಿ ವಿಷಯವಂತೂ ಇನ್ನೂ ಬಿಗಿ. 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಹೊರಗೆ ಹೇಳುವಂತಿಲ್ಲ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಮಾಡಿಸು ಎಂದು ಕೇಳುವಂತೆಯೂ ಇಲ್ಲ. ಗರ್ಭಪಾತ ಮಾಡಿಸಿಕೊಂಡ ಹೆಣ್ಣುಮಗಳ ಗುರುತು ಹೊರಗೆ ಹೇಳಿದ ವೈದ್ಯರಿಗೆ 1 ವರ್ಷದವರೆಗೆ ಜೈಲು ಆಗಬಹುದು. 2021ರ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದರು. ಹಾಗಾಗಿ ಆ ಕ್ಲಿನಿಕ್‌ನವರು ನಿಮಗೆ ಹೇಳುತ್ತಿರುವುದು ಅವರಿಗೂ ಅಪಾಯ.

ರೈಟರ್, ಸಿದ್ದಾಪುರ

ಧನ್ಯವಾದ ಸರ್. ಇನ್ನು ಮೇಲೆ ಎಷ್ಟು ದಿನ ರಜೆ ಎಂದಷ್ಟೇ ಕೇಳುತ್ತೇನೆ. ಮಾಲೀಕರಿಗೂ ಇದನ್ನು ತೋರಿಸುತ್ತೇನೆ.

ಆಶಾ ಕಾರ್ಯಕರ್ತೆ, ಸೋಮವಾರಪೇಟೆ ತಾಲ್ಲೂಕು

ಟಿಬಿ ವಿಷಯ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ. ಟಿಬಿ ಬಂದರೆ ಸರ್ಕಾರಿ ಆಗಲಿ ಖಾಸಗಿ ಆಗಲಿ, ಡಾಕ್ಟರ್ ಸರ್ಕಾರಕ್ಕೆ ತಿಳಿಸಲೇಬೇಕು. 2012ರಿಂದ ಹಾಗೆ ಇದೆ. ಟಿಬಿ ರೋಗಿಗಳಿಗಾಗಿ ಸರ್ಕಾರ ಮಾಡಿರುವ ನಿಕ್ಷಯ್ ಪೋರ್ಟಲಿನಲ್ಲಿ ಹೆಸರು ಹತ್ತುತ್ತದೆ. ಅದರಿಂದಲೇ ಔಷಧಿ ಉಚಿತವಾಗಿ ಬರುತ್ತದೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬ್ಯಾಂಕಿಗೆ ಬೀಳುತ್ತದೆ. ಮೊದಲು 500 ಇತ್ತು, 2024ರ ನವೆಂಬರಿನಿಂದ ಜಾಸ್ತಿ ಮಾಡಿದರು. ಮನೆಯಲ್ಲಿ ಇರುವ ಉಳಿದವರನ್ನು ಪರೀಕ್ಷೆ ಮಾಡಿಸಲು ನಾವು ಮನೆಗೆ ಹೋಗಲೇಬೇಕು.

ಕಷ್ಟ ಇರುವುದು ಮನೆಗೆ ಹೋಗುವುದರಲ್ಲೇ. ಲೈನ್ ಮನೆ ಎಂದರೆ ಗೋಡೆಗೆ ಗೋಡೆ. ನಾನು ಒಂದೇ ಬಾಗಿಲು ತಟ್ಟಿದರೆ ಪಕ್ಕದವರು "ಅವರಿಗೇನು?" ಎಂದು ಕೇಳುತ್ತಾರೆ. ಅದಕ್ಕೆ ನಾನು ಸಾಲಿನ ಎಲ್ಲ ಮನೆಗೂ ಹೋಗುತ್ತೇನೆ. ಎಲ್ಲರ ಹತ್ತಿರವೂ ಕೆಮ್ಮು ಇದೆಯಾ, ತೂಕ ಇಳಿದಿದೆಯಾ ಎಂದು ಕೇಳುತ್ತೇನೆ. ಕಫದ ಡಬ್ಬಿಯನ್ನು ಬ್ಯಾಗಿನ ಒಳಗೆ ಇಡುತ್ತೇನೆ, ಕೈಯಲ್ಲಿ ಹಿಡಿದು ನಡೆಯುವುದಿಲ್ಲ. ಔಷಧಿಯ ಪ್ಯಾಕೆಟ್ ಮೇಲೆ ಬರೆದಿರುವುದು ಕಾಣಬಾರದು ಎಂದು ಕಾಗದ ಸುತ್ತಿ ಕೊಡುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ. ಆದರೆ ವಿಷಯ ಹೊರಗೆ ಬಂದರೆ ಆ ರೋಗಿ ಔಷಧಿ ಅರ್ಧಕ್ಕೆ ಬಿಟ್ಟು ಊರೇ ಬಿಟ್ಟು ಹೋಗುತ್ತಾರೆ. ಆಗ ಕಾಯಿಲೆ ಇನ್ನೂ ಹತ್ತು ಜನಕ್ಕೆ. ಸರ್ಕಾರಕ್ಕೆ ತಿಳಿಸುವುದು ಅಂದರೆ ಊರಿಗೆಲ್ಲ ತಿಳಿಸುವುದು ಅಂತ ಯಾರೂ ಅಂದುಕೊಳ್ಳಬಾರದು.

ಕಾಫಿ ಬೆಳೆಗಾರ, ನಾಪೋಕ್ಲು

ಆಶಾ ಅಕ್ಕನಿಗೆ ಕೈಮುಗಿಯುತ್ತೇನೆ. 2020ರಲ್ಲಿ ಇಷ್ಟು ಯೋಚನೆ ಮಾಡಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಆ ಮಾರ್ಚಿನಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸವನ್ನೇ ರಾಜ್ಯ ಸರ್ಕಾರ ಪಟ್ಟಿ ಮಾಡಿ ಹಾಕಿತ್ತು. ಕೈಗೆ ಸೀಲ್, ಬಾಗಿಲಿಗೆ ನೋಟಿಸ್. ವಿದೇಶದಿಂದ ಬಂದವರ ಮನೆಗೆ ಹಾಲು ಹಾಕುವವರೂ ಹೋಗಲಿಲ್ಲ. ಮೇಲಿನಿಂದ ಆದೇಶ ಇಲ್ಲದೆ ಹಾಗೆ ಮನೆ ಮುಂದೆ ಪೋಸ್ಟರ್ ಅಂಟಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳುವಾಗ 2020ರ ಡಿಸೆಂಬರ್ ಆಗಿತ್ತು.

ಇನ್ನೊಂದು ನೋವು ಇದೆ. ಆನೆ ದಾಳಿ ಆದಾಗ ಗಾಯಾಳುವನ್ನು ಆಸ್ಪತ್ರೆಯ ಸ್ಟ್ರೆಚರ್ ಮೇಲೆ ಮಲಗಿಸಿದ ಫೋಟೊ, ಕೆಲವೊಮ್ಮೆ ಶವದ ಫೋಟೊ, ಮನೆಯವರಿಗೆ ಸುದ್ದಿ ಮುಟ್ಟುವ ಮುಂಚೆ ನಮ್ಮ ಮೊಬೈಲಿಗೆ ಬಂದಿರುತ್ತದೆ. ತಾಯಿಯೊಬ್ಬರು ಮಗನನ್ನು ಹಾಗೆ ನೋಡಬೇಕಾ? ಪೊಲೀಸರಿಗೆ ತಿಳಿಸಲಿ, ಪರಿಹಾರಕ್ಕೆ ಅರಣ್ಯ ಇಲಾಖೆಗೆ ವೈದ್ಯರ ಸರ್ಟಿಫಿಕೇಟ್ ಕೊಡಲಿ. ಅದೆಲ್ಲ ಬೇಕಾದದ್ದು. ಎಮರ್ಜೆನ್ಸಿ ಕೋಣೆಯೊಳಗೆ ಮೊಬೈಲ್ ಎತ್ತುವವರನ್ನು ಆಸ್ಪತ್ರೆಯವರು ಹೊರಗೆ ಹಾಕಬೇಕು. ಅದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.

ವಿರಾಜಪೇಟೆಯವಳು, ಈಗ ಅಮೆರಿಕದಲ್ಲಿ ನರ್ಸ್

ಇಲ್ಲಿನ ಕ್ರಮ ಹೇಳುತ್ತೇನೆ, ಹೋಲಿಸಿ ನೋಡಲು. ರೋಗಿಯ ಮಾಹಿತಿಯನ್ನು ಕಾಪಾಡುವ 1996ರ ಹಿಪಾ ಎಂಬ ಕಾನೂನಿನ ಅಡಿಯಲ್ಲಿ ಆಸ್ಪತ್ರೆಗೆ ಮೊದಲ ಸಲ ಬಂದಾಗಲೇ ರೋಗಿಯ ಕೈಗೆ ಒಂದು ತಿಳಿವಳಿಕೆ ಪತ್ರ ಕೊಡಬೇಕು. ನಿಮ್ಮ ಮಾಹಿತಿ ಯಾರಿಗೆ ಹೋಗಬಹುದು ಎಂಬುದು ಅದರಲ್ಲಿ ಇರುತ್ತದೆ. ಚಿಕಿತ್ಸೆ, ಹಣ ಪಾವತಿ, ಆಸ್ಪತ್ರೆ ನಡೆಸುವ ಕೆಲಸ, ಈ ಮೂರಕ್ಕೆ ಬೇರೆ ಅನುಮತಿ ಬೇಡ. ಜಾಹೀರಾತಿಗೆ, ಮಾರಾಟಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ದಾಖಲೆ ಕೇಳಿದರೆ 30 ದಿನದೊಳಗೆ ಕೊಡಬೇಕು.

ಕಾಗದಕ್ಕಿಂತ ಹೆಚ್ಚು ಕೆಲಸ ಮಾಡುವುದು ಇನ್ನೊಂದು. ಯಾವ ಸಿಬ್ಬಂದಿ ಯಾವ ರೋಗಿಯ ಫೈಲ್ ತೆರೆದರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ನನ್ನ ವಾರ್ಡಿನಲ್ಲಿ ಇಲ್ಲದ ರೋಗಿಯ ಫೈಲನ್ನು ಕುತೂಹಲಕ್ಕೆ ತೆರೆದರೆ ಮರುದಿನ ಮೇಲಿನವರಿಗೆ ಉತ್ತರ ಹೇಳಬೇಕು, ಕೆಲಸವೂ ಹೋಗಬಹುದು. ಗೋಣಿಕೊಪ್ಪದ ಅಕ್ಕ ಬರೆದ ಪ್ರಕರಣ ಇಲ್ಲಿ ಆಗಿದ್ದರೆ ಒಳ್ಳೆಯ ಮನಸ್ಸು ಎಂಬ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಮಾಜಿ ಸೈನಿಕ, ಪೊನ್ನಂಪೇಟೆ

ಒಂದು ಮಾತು ಕೇಳಲೇಬೇಕು. ಮಗಳು ಅಪ್ಪನ ಚೀಟಿ ತೆಗೆದುಕೊಂಡು ಹೋಗಿದ್ದು ಬಹಳ ಸರಿಯಾದ ಕ್ರಮ. ಆದರೆ ನಮ್ಮಲ್ಲಿ ಹೆಚ್ಚಿನ ಕಡೆ ಚೀಟಿಯೇ ಇರುವುದಿಲ್ಲ. ರೋಗಿ ಹೊರಗೆ ಬೆಂಚಿನ ಮೇಲೆ, ಮಕ್ಕಳು ಒಳಗೆ ಡಾಕ್ಟರ ಹತ್ತಿರ. "ಅಪ್ಪನಿಗೆ ಹೇಳಬೇಡಿ ಸರ್" ಎಂದು ಕೈಮುಗಿಯುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಒಪ್ಪುತ್ತೇನೆ. ನನಗೆ ಹಾಗೆ ಮಾಡಿದರು. ನನ್ನ ಹೃದಯದ ತೊಂದರೆ ಇಡೀ ಮನೆಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ. ನಾನು ಮಾಮೂಲಿನಂತೆ ಗುಡ್ಡ ಹತ್ತಿ ತೋಟಕ್ಕೆ ಹೋಗುತ್ತಿದ್ದೆ. ಗೊತ್ತಿದ್ದರೆ ಹೋಗುತ್ತಿದ್ದೆನಾ?

ವಯಸ್ಸಾದವರ ಶರೀರದ ವಿಷಯ ಮೊದಲು ವಯಸ್ಸಾದವರಿಗೇ ಸೇರಿದ್ದು. ಮಕ್ಕಳಿಗೆ ಹೇಳಬೇಕಾ ಬೇಡವಾ ಎಂದು ತೀರ್ಮಾನಿಸುವವರು ನಾವು.

ನಿವೃತ್ತ ಸಿಸ್ಟರ್, ಮಡಿಕೇರಿ

ಸರಿಯಾಗಿ ಹೇಳಿದಿರಿ ಸರ್. ಒಪಿಡಿಯಲ್ಲಿ ನೋಡಿ, ಒಬ್ಬರನ್ನು ಪರೀಕ್ಷೆ ಮಾಡುತ್ತಿರುವಾಗ ಮುಂದಿನ ಇಬ್ಬರು ಅದೇ ಕೋಣೆಯ ಸ್ಟೂಲಿನ ಮೇಲೆ ಕುಳಿತಿರುತ್ತಾರೆ. ಹೆಣ್ಣುಮಕ್ಕಳು ಬಿಳಿಸೆರಗಿನ ತೊಂದರೆ ಹೇಳಲು ಬಂದವರು ಬೆನ್ನುನೋವು ಎಂದು ಹೇಳಿ ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ಒಬ್ಬರಾದ ಮೇಲೆ ಒಬ್ಬರನ್ನು ಒಳಗೆ ಬಿಟ್ಟು ಬಾಗಿಲು ಹಾಕಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ವಾರ್ಡಿನ ಬೋರ್ಡಿನ ಮೇಲೆ ಹೆಸರಿನ ಪಕ್ಕ ಕಾಯಿಲೆ ಬರೆಯುವುದನ್ನೂ ಬಿಡಬೇಕು. ಬೆಡ್ ನಂಬರ್ ಸಾಕು.

ಮಕ್ಕಂದೂರು ಹುಡುಗ

ನನ್ನ ಪ್ರಶ್ನೆ ಉಲ್ಟಾ. ಬೇರೆಯವರಿಗೆ ಕೊಡುವುದು ಇರಲಿ, ನಮಗೇ ನಮ್ಮ ದಾಖಲೆ ಸಿಗುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮನೆಯ ಜೊತೆ ಅಜ್ಜಿಯ ಎಲ್ಲ ಚೀಟಿಗಳೂ ಹೋದವು. ಆಮೇಲೆ ಆಸ್ಪತ್ರೆಗೆ ಹೋದರೆ ಹಳೆಯದು ಇಲ್ಲ ಎಂದರು. ಆಭಾ ಕಾರ್ಡ್ ಮಾಡಿಸಿದರೆ ಇದು ತಪ್ಪುತ್ತದಾ? ಅಥವಾ ಅದರಿಂದಲೇ ಎಲ್ಲರಿಗೂ ಗೊತ್ತಾಗುತ್ತದಾ?

ವಕೀಲ, ಮಡಿಕೇರಿ

2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ಅಷ್ಟೇ. ಆಮೇಲೆ ಇಲ್ಲ ಎಂದರೆ ಅವರನ್ನು ಕೇಳುವುದು ಕಷ್ಟ. ಹಾಗಾಗಿ ಡಿಸ್ಚಾರ್ಜ್ ಆದ ವಾರವೇ ಪೂರ್ತಿ ಕೇಸ್ ಶೀಟಿನ, ಅಂದರೆ ಒಳರೋಗಿಯ ಚಿಕಿತ್ಸೆಯ ಪೂರ್ತಿ ದಾಖಲೆಯ, ನಕಲು ಕೇಳಿ ತೆಗೆದುಕೊಳ್ಳಿ. ಬರೀ ಡಿಸ್ಚಾರ್ಜ್ ಸಮ್ಮರಿ ಸಾಲದು. ರೋಗಿಯಾಗಲಿ, ರೋಗಿ ಒಪ್ಪಿಗೆ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಳುವುದು ಪತ್ರದಲ್ಲೇ ಇರಲಿ, ಇನ್ನೊಂದು ಪ್ರತಿಯ ಮೇಲೆ ಅವರ ಸೀಲ್ ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಲೆಕ್ಕವಿಲ್ಲ.

ಆಭಾ ಬಗ್ಗೆ ಲ್ಯಾಬಿನ ಅಣ್ಣ ಹೇಳಿದರೆ ಚೆನ್ನ.

ಲ್ಯಾಬ್ ಕೆಲಸದವ, ಕುಶಾಲನಗರ

ಆಭಾ ಎಂದರೆ 14 ಅಂಕಿಯ ಆರೋಗ್ಯ ಖಾತೆ ನಂಬರ್. ಕಡ್ಡಾಯ ಅಲ್ಲ. ಅದು ಇಲ್ಲ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ದಾಖಲೆಗಳೆಲ್ಲ ದೆಹಲಿಯ ಒಂದು ಕಂಪ್ಯೂಟರಿಗೆ ಹೋಗಿ ಬೀಳುತ್ತವೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ನಂಬರ್ ಅವುಗಳನ್ನು ಜೋಡಿಸುತ್ತದೆ. ಇನ್ನೊಂದು ಆಸ್ಪತ್ರೆ ನೋಡಬೇಕಾದರೆ ನಿಮ್ಮ ಮೊಬೈಲಿಗೆ ಕೋರಿಕೆ ಬರುತ್ತದೆ. ಯಾವ ದಾಖಲೆ, ಎಷ್ಟು ದಿನ ಎಂದು ನೀವೇ ಆರಿಸಬಹುದು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಕೂಡ ಪಡೆಯಬಹುದು.

ತೊಂದರೆ ಎಲ್ಲಿ ಅಂದರೆ, ಕೌಂಟರಿನಲ್ಲಿ "ಒಟಿಪಿ ಹೇಳಿ" ಎಂದ ತಕ್ಷಣ ನಾವು ಹೇಳಿಬಿಡುತ್ತೇವೆ. ಅದು ಯಾವುದಕ್ಕೆ ಎಂದು ಕೇಳುವುದಿಲ್ಲ. ಟೋಕನ್‌ಗಾ, ಹೊಸ ಖಾತೆ ತೆರೆಯಲಾ, ಹಳೆಯ ದಾಖಲೆ ನೋಡಲಾ? ಕೇಳಿ, ಮೆಸೇಜ್ ಓದಿ, ಆಮೇಲೆ ಹೇಳಿ. ಕ್ಯೂ ಉದ್ದ ಇದ್ದರೂ ಪರವಾಗಿಲ್ಲ.

ಅಜ್ಜಿಯ ಹಳೆಯ ಚೀಟಿ ಆಭಾದಿಂದ ವಾಪಸ್ ಬರುವುದಿಲ್ಲ ತಮ್ಮಾ. ಮುಂದಿನದ್ದು ಉಳಿಯುತ್ತದೆ.

ಶಾಲೆಯ ಟೀಚರ್, ಪೊನ್ನಂಪೇಟೆ

ಹೊಸ ಡೇಟಾ ಕಾನೂನು ಬಂದಿದೆಯಲ್ಲ, ಅದರಿಂದ ಏನಾದರೂ ಬದಲಾಗುತ್ತದಾ? ಆಸ್ಪತ್ರೆಯಲ್ಲಿ ಸಹಿ ಹಾಕಿಸುವ ಕಾಗದ ಯಾವಾಗಲೂ ಇಂಗ್ಲಿಷಿನಲ್ಲಿ. ನಮ್ಮ ಹಾಡಿಯ (ಬುಡಕಟ್ಟು ಜನರ ಕೇರಿ) ಮಕ್ಕಳ ಅಪ್ಪ ಅಮ್ಮ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಏನು ಬರೆದಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಪಾಡೂ ಅದೇ.

ವಕೀಲ, ಮಡಿಕೇರಿ

ಒಳ್ಳೆಯ ಪ್ರಶ್ನೆ ಮೇಡಂ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದ್ದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಭಾಗಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ ತಿಂಗಳು.

ಅದರಲ್ಲಿ ನಿಮಗೆ ಬೇಕಾದದ್ದು ಇದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡ ಇದೆ, ಅಸ್ಸಾಮಿ ಇದೆ, ಬಂಗಾಳಿ ಇದೆ. ಕೊಡವ ತಕ್ಕ್ ಆ ಪಟ್ಟಿಯಲ್ಲಿ ಇಲ್ಲ. ಯರವರ, ಕುರುಬರ ಮಾತೂ ಇಲ್ಲ. ಓದಲು ಬಾರದವರಿಗೆ ಅವರ ಮಾತಿನಲ್ಲೇ ಯಾರಾದರೂ ಕುಳಿತು ಹೇಳಬೇಕು. ಅದನ್ನು ಕಾನೂನಿನ ಮೇಲೆ ಬಿಟ್ಟು ಕೂತರೆ ಆಗುವುದಿಲ್ಲ.

ಮಾಹಿತಿ ಸೋರಿಕೆ ಆದರೆ ರೋಗಿಗೆ ತಡಮಾಡದೆ ತಿಳಿಸಬೇಕು. ಯಾರು ನೋಡಿದರು ಎಂಬ ದಾಖಲೆಯನ್ನು 1 ವರ್ಷ ಇಡಬೇಕು. ವಿರಾಜಪೇಟೆಯ ಸಿಸ್ಟರ್ ಹೇಳಿದ ಕ್ರಮ ಇಲ್ಲಿಗೂ ಬರುತ್ತದೆ. ಸುರಕ್ಷತೆ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ.

ಆದರೆ ನನಗೆ ಸಮಾಧಾನ ಇಲ್ಲ. ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ರೋಗಿಗೆ ಒಂದು ರೂಪಾಯಿ ಬರುವುದಿಲ್ಲ. ಈಗಿನ ಐಟಿ ಕಾಯ್ದೆಯ 43ಎ ಕಲಮಿನಲ್ಲಿ ಪರಿಹಾರ ಕೇಳುವ ದಾರಿ ಇದೆ. ಹೊಸ ಕಾಯ್ದೆ ಅದನ್ನು ತೆಗೆದುಹಾಕುತ್ತದೆ. ಕಾಗದದ ರಿಜಿಸ್ಟರ್ ಕಂಪ್ಯೂಟರಿಗೆ ಏರುವ ತನಕ ಈ ಕಾಯ್ದೆಗೆ ಸೇರುವುದೇ ಇಲ್ಲ. ನಮ್ಮ ಎಷ್ಟೋ ಕ್ಲಿನಿಕ್‌ಗಳು ಇನ್ನೂ ರಿಜಿಸ್ಟರಿನಲ್ಲೇ ನಡೆಯುತ್ತಿವೆ.

ಗೋಣಿಕೊಪ್ಪದ ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ದೂರಿಗೆ ಅವರೇ ಸಹಿ ಹಾಕುತ್ತಾರಂತೆ. ಕೇಳುವುದು ಮೂರು: ಆ ಫೋಟೊ ಹೇಗೆ ಹೊರಗೆ ಹೋಯಿತು ಎಂದು ಲಿಖಿತ ಉತ್ತರ, ವಾರ್ಡು ಲ್ಯಾಬುಗಳಲ್ಲಿ ಸಿಬ್ಬಂದಿ ಸ್ವಂತ ಮೊಬೈಲಿನಲ್ಲಿ ರಿಪೋರ್ಟ್ ಫೋಟೊ ತೆಗೆಯಬಾರದು ಎಂಬ ಆದೇಶ, ಮತ್ತು ಪೂರ್ತಿ ಕೇಸ್ ಶೀಟಿನ ನಕಲು. ಫೋಟೊ ಹಾಕಿದವರ ಕೆಲಸ ಹೋಗುವುದು ಅಪ್ಪನಿಗೆ ಬೇಡ. ಆ ಗುಂಪಿನಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಫೋಟೊ ಅಳಿಸಿ.

ಇನ್ನೊಂದೇ ಪ್ರಶ್ನೆ. ಚಿಕಿತ್ಸೆಗೆ ಮೈಸೂರಿಗೆ ಹೋಗುತ್ತಿದ್ದೇವೆ, ಕ್ಯಾಶ್‌ಲೆಸ್ ಇನ್ಶೂರೆನ್ಸ್. ಅಲ್ಲಿ ರಿಪೋರ್ಟ್ ಕಂಪನಿಗೆ ಕೊಡಲು ಒಪ್ಪದಿದ್ದರೆ ಏನಾಗುತ್ತದೆ?

ವಕೀಲ, ಮಡಿಕೇರಿ

ಇನ್ಶೂರೆನ್ಸ್ ಕಂಪನಿಗೆ ಕೊಡಲೇಬೇಕು, ಇಲ್ಲದಿದ್ದರೆ ಹಣ ಮಂಜೂರಾಗುವುದಿಲ್ಲ. ಪ್ರಿ-ಆಥರೈಸೇಶನ್ (ಮುಂಗಡ ಮಂಜೂರಾತಿ) ಅರ್ಜಿಯಲ್ಲೇ ಆ ಒಪ್ಪಿಗೆ ಸೇರಿರುತ್ತದೆ. ನೋಡಬೇಕಾದದ್ದು ಎರಡು. ಖಾಲಿ ಅರ್ಜಿಗೆ ಸಹಿ ಹಾಕಬೇಡಿ, ತುಂಬಿಸಿದ ಮೇಲೆ ಓದಿ ಹಾಕಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮತ್ತೆ, ಅದರ ಜೊತೆ ಸಂಶೋಧನೆಗೆ, ಪ್ರಚಾರದ ವಿಡಿಯೊಗೆ, ಬೇರೆ ಕಂಪನಿಗಳಿಗೆ ಮಾಹಿತಿ ಕೊಡಲು ಒಪ್ಪಿಗೆ ಕೇಳುವ ಬೇರೆ ಹಾಳೆ ಇದ್ದರೆ ಅದನ್ನು ಬಿಡಿಸಿ ನೋಡಿ. ಅದಕ್ಕೂ ಚಿಕಿತ್ಸೆಗೂ ಸಂಬಂಧ ಇಲ್ಲ. ಅಪ್ಪನಿಗೆ ಇಷ್ಟವಿಲ್ಲದಿದ್ದರೆ ಬೇಡ ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಲಿ.

ದೂರಿನ ಕರಡು ಸಿದ್ಧವಾದರೆ ನನಗೆ ಕಳುಹಿಸಿ, ನೋಡಿಕೊಡುತ್ತೇನೆ. ಇಲ್ಲಿ ಎಲ್ಲರ ಮುಂದೆ ಹಾಕಬೇಡಿ, ಅಪ್ಪನ ವಿವರ ಅದರಲ್ಲಿ ಇರುತ್ತದೆ.